ಅಕ್ವೇರಿಯಂನ ಕ್ಯಾಟ್‌ಫಿಶ್ ವಿಚಿತ್ರವಾಗಿ ಆಡುತ್ತಿದೆಯೇ? ಔಷಧಿ ಹಾಕುವ ಮೊದಲು ನೀರು ನೋಡಿ

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಒಂದು ಸಲಹೆ ಹೀಗಿರುತ್ತದೆ: ಮೀನು ಮಂಕಾದರೆ ತೊಟ್ಟಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ, ಚಿಟಿಕೆ ಅರಿಶಿನ ಹಾಕಿ, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ಒಡೆದು ಸುರಿಯಿರಿ. ಇನ್ನೊಂದು ಮಾತು ವಾಟ್ಸಾಪ್‌ಗಿಂತ ಹಳೆಯದು: ಮೀನು ಸತ್ತರೆ ಬೇಸರ ಬೇಡ, ಮನೆಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಹೊತ್ತುಕೊಂಡು ಹೋಯಿತು, ಹೊಸದೊಂದು ತಂದು ಬಿಡಿ. ಮೊದಲನೆಯದು ರೋಗ ಯಾವುದೆಂದು ತಿಳಿಯದೆ ಔಷಧಿ ಕೊಡುತ್ತದೆ. ಎರಡನೆಯದು ಸಾವಿಗೆ ಕಾರಣ ಹುಡುಕುವುದನ್ನೇ ನಿಲ್ಲಿಸುತ್ತದೆ. ಕಾರಣ ಮಾತ್ರ ತೊಟ್ಟಿಯ ನೀರಿನಲ್ಲೇ ಉಳಿದಿರುತ್ತದೆ. ಹೊಸ ಮೀನೂ ಸ್ವಲ್ಪ ದಿನಕ್ಕೆ ಅದೇ ದಾರಿ ಹಿಡಿಯುತ್ತದೆ.

ಕ್ಯಾಟ್‌ಫಿಶ್ ಅಂದರೆ ಮೀಸೆಯ ಮೀನುಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಇವುಗಳಲ್ಲಿ ಹಲವು ಆರೋಗ್ಯವಾಗಿದ್ದಾಗಲೇ ಕಾಯಿಲೆ ಬಿದ್ದಂತೆ ಕಾಣುತ್ತವೆ. ನಿಜವಾಗಿ ಕಾಯಿಲೆ ಬಿದ್ದಾಗ, ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅವಿತು ಕೂರುವುದರಿಂದ ನಮ್ಮ ಗಮನಕ್ಕೇ ಬರುವುದಿಲ್ಲ.

ಇದು ರೋಗವಲ್ಲ, ಅದರ ಸ್ವಭಾವ

ಕೋರಿಡೋರಾಸ್ ಎಂಬ ದಕ್ಷಿಣ ಅಮೆರಿಕದ ಪುಟ್ಟ ಕ್ಯಾಟ್‌ಫಿಶ್ ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ತಳದಲ್ಲಿ ಮರಳು ಕೆದಕುತ್ತಿದ್ದದ್ದು ಇದ್ದಕ್ಕಿದ್ದಂತೆ ಬಾಣದಂತೆ ಮೇಲಕ್ಕೆ ಚಿಮ್ಮಿ, ಒಂದು ಗುಟುಕು ಗಾಳಿ ನುಂಗಿ, ಅಷ್ಟೇ ವೇಗದಲ್ಲಿ ಕೆಳಗೆ ಬರುತ್ತದೆ. ನೋಡಿದವರಿಗೆ ಉಸಿರು ಕಟ್ಟುತ್ತಿದೆ ಅನ್ನಿಸುವುದು ಸಹಜ. ಆದರೆ ಈ ಮೀನಿನ ಕರುಳಿನ ಹಿಂಭಾಗವೇ ಗಾಳಿಯಿಂದ ಆಮ್ಲಜನಕ ಹೀರಬಲ್ಲದು. ಗಾಳಿ ನುಂಗಿ ಬದುಕುವ ಕಲೆ ನಮ್ಮ ಕೆರೆಗಳ ಚೇಳು ಮೀನಿಗೂ ಮುರುಗೋಡಿಗೂ ಗೊತ್ತು, ಅವುಗಳ ಅಂಗ ಬೇರೆ ಅಷ್ಟೇ. ಹೀಗಾಗಿ ಆಗೊಮ್ಮೆ ಈಗೊಮ್ಮೆ ಮೇಲೆ ಬಂದರೆ ಚಿಂತೆಯಿಲ್ಲ. ನಿಮಿಷ ನಿಮಿಷಕ್ಕೂ ಬರುತ್ತಿದ್ದರೆ ಮಾತು ಬೇರೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ಈ ಓಡಾಟ ಹೆಚ್ಚುತ್ತದೆ.

ಕಾಂಗೋ ನದಿ ಪ್ರದೇಶದ ಸೈನೊಡಾಂಟಿಸ್ ನೈಗ್ರಿವೆಂಟ್ರಿಸ್ ಇನ್ನೂ ವಿಚಿತ್ರ. ಅದು ಈಜುವುದೇ ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿಕೊಂಡು. ಹೆಚ್ಚಿನ ಮೀನುಗಳಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಇದಕ್ಕೆ ಹೊಟ್ಟೆಯೇ ಹೆಚ್ಚು ಕಪ್ಪು, ಹೆಸರಿನ ಅರ್ಥವೂ ‘ಕಪ್ಪು ಹೊಟ್ಟೆಯದು’ ಎಂದೇ. ಸತ್ತಿದೆ ಎಂದುಕೊಂಡು ಜೀವಂತ ಮೀನನ್ನು ಎತ್ತಿ ಎಸೆಯಲು ಹೋದವರು ಇದ್ದಾರೆ. ಅದೇ ಒಂದು ಗೋಲ್ಡ್ ಫಿಶ್ ಹೀಗೆ ತಲೆಕೆಳಗಾದರೆ ಅದು ನಿಜಕ್ಕೂ ತೊಂದರೆಯಲ್ಲಿದೆ. ಲಕ್ಷಣ ಒಂದೇ, ಅರ್ಥ ಎರಡು. ಅದಕ್ಕೇ ನಿಮ್ಮ ಮೀನಿನ ಜಾತಿ ಯಾವುದೆಂದು ಮೊದಲು ತಿಳಿದುಕೊಳ್ಳಿ. ಅಂಗಡಿಯವರು ಹೇಳಿದ ಹೆಸರನ್ನೇ ಪೂರ್ತಿ ನಂಬಬೇಡಿ. ಥಾಯ್ಲೆಂಡ್ ಕಡೆಯ, ಮೈ ಪಾರದರ್ಶಕವಾದ ಗ್ಲಾಸ್ ಕ್ಯಾಟ್‌ಫಿಶ್ ಎಷ್ಟೋ ವರ್ಷ ಬೇರೊಂದು ಜಾತಿಯ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅದಕ್ಕೆ ತನ್ನದೇ ವೈಜ್ಞಾನಿಕ ಹೆಸರು ಸಿಕ್ಕಿದ್ದು 2013ರಲ್ಲಿ. ಆ ಮೀನಿನಲ್ಲಿ ನೋಡಬೇಕಾದ್ದು ಮೈ ಹಾಲಿನಂತೆ ಮಸುಕಾಗುವುದನ್ನು. ಅದು ನಿಜವಾದ ಅಪಾಯದ ಗುರುತು.

ಇನ್ನು ಗಾಜಿಗೆ ಬಾಯಿ ಅಂಟಿಸಿಕೊಂಡು ದಿನವಿಡೀ ಅಲುಗಾಡದ ‘ಸಕ್ಕರ್’ ಮೀನು. ಅದು ರಾತ್ರಿ ಸಂಚಾರಿ, ಹಗಲು ವಿಶ್ರಾಂತಿ. ದೀಪ ಆರಿಸಿ ಒಂದು ಗಂಟೆಯ ನಂತರ ಸಣ್ಣ ಟಾರ್ಚ್ ಹಿಡಿದು ನೋಡಿ, ತೊಟ್ಟಿಯೆಲ್ಲ ಅದರದೇ. ಆದರೆ ಹೊಟ್ಟೆ ಒಳಕ್ಕೆ ಅಂಟಿ, ಕಣ್ಣು ಗುಳಿ ಬಿದ್ದಿದ್ದರೆ ಅದು ಹಸಿವು. ‘ಇದು ಕ್ಲೀನರ್ ಮೀನು, ಕೊಳೆ ತಿಂದು ಬದುಕುತ್ತದೆ, ಬೇರೆ ಆಹಾರ ಬೇಡ’ ಎಂಬ ಅಂಗಡಿ ಮಾತಿನ ಫಲ ಇದು. ಪಾಚಿ ತಿನ್ನುತ್ತದೆ ನಿಜ, ಇತರ ಮೀನುಗಳ ಹಿಕ್ಕೆಯನ್ನಲ್ಲ. ತಾನೇ ರಾಶಿ ಹಿಕ್ಕೆ ಹಾಕುತ್ತದೆ ಬೇರೆ. ಒಂದು ತುಂಡು ಸೌತೆಕಾಯಿ ತಳದಲ್ಲಿ ಮುಳುಗಿಸಿಟ್ಟು ನೋಡಿ.

ಎಲ್ಲವೂ ಒಟ್ಟಿಗೆ ಒದ್ದಾಡುತ್ತಿದ್ದರೆ ತಪ್ಪು ನೀರಿನದು

ಸ್ವಭಾವವಲ್ಲ ಎಂದು ಖಚಿತವಾದರೆ ಮುಂದಿನ ಪ್ರಶ್ನೆ: ಒಂದೇ ಮೀನು ಹೀಗೆ ಆಡುತ್ತಿದೆಯೋ, ಎಲ್ಲವೂ ಆಡುತ್ತಿವೆಯೋ? ಕೆಲವೇ ಗಂಟೆಗಳಲ್ಲಿ ಬೇರೆ ಬೇರೆ ಜಾತಿಯ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಕಿವಿರು ಜೋರಾಗಿ ಬಡಿಯುತ್ತಿದ್ದರೆ, ಅದು ಸೋಂಕಾಗಿರುವ ಸಾಧ್ಯತೆ ತೀರಾ ಕಡಿಮೆ. ಸೋಂಕು ಒಂದೊಂದೇ ಮೀನಿಗೆ ತಗುಲುತ್ತಾ ಹೋಗುತ್ತದೆ. ನೀರು ಕೆಟ್ಟರೆ ಎಲ್ಲದಕ್ಕೂ ಒಂದೇ ಸಲ ಬಡಿಯುತ್ತದೆ.

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಬೇರೆ ಬ್ಯಾಕ್ಟೀರಿಯಾ ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಭಾನುವಾರ ತೊಟ್ಟಿ, ಅದೇ ಭಾನುವಾರ ಹತ್ತು ಮೀನು ತಂದರೆ ಎರಡನೇ ವಾರದ ಹೊತ್ತಿಗೆ ಸಾವು ಶುರುವಾಗುವುದು ಇದೇ ಕಾರಣಕ್ಕೆ, ದೃಷ್ಟಿಯಿಂದಲ್ಲ. ಹಳೆ ತೊಟ್ಟಿಯಲ್ಲೂ ಸ್ಪಂಜನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದರೆ ಆ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಂದು, ತೊಟ್ಟಿ ಮತ್ತೆ ‘ಹೊಸದು’ ಆಗಿಬಿಡುತ್ತದೆ. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಿಂಡಿದರೆ ಸಾಕು.

ಅಮೋನಿಯಾದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಹೆಚ್ಚು ವಿಷ, ಇನ್ನೊಂದು ಬಹಳ ಕಡಿಮೆ. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಶೇ. 5 ದಾಟುತ್ತದೆ, ಅಂದರೆ ಸುಮಾರು ಹತ್ತು ಪಟ್ಟು. ಹಳೆ ತೊಟ್ಟಿಯ ನೀರು ತಿಂಗಳುಗಟ್ಟಲೆ ಬದಲಾಯಿಸದಿದ್ದರೆ ನಿಧಾನವಾಗಿ ಆಮ್ಲೀಯವಾಗುತ್ತದೆ, ಅಮೋನಿಯಾ ಇದ್ದರೂ ಕಡಿಮೆ ವಿಷದ ರೂಪದಲ್ಲಿ ಕೂತಿರುತ್ತದೆ. ಮೀನು ಸ್ವಲ್ಪ ಮಂಕಾಯಿತೆಂದು ಗಾಬರಿಯಾಗಿ ಅರ್ಧಕ್ಕಿಂತ ಹೆಚ್ಚು ನೀರು ತೆಗೆದು, ಪಿಎಚ್ ಹೆಚ್ಚಿರುವ ಗಡಸು ಬೋರ್‌ವೆಲ್ ನೀರು ತುಂಬಿದಿರಿ ಎಂದುಕೊಳ್ಳಿ. ಉಳಿದ ಅಮೋನಿಯಾ ಕೆಲವೇ ನಿಮಿಷಗಳಲ್ಲಿ ವಿಷರೂಪಕ್ಕೆ ತಿರುಗುತ್ತದೆ. ‘ನೀರು ಬದಲಾಯಿಸಿದ ಮೇಲೇ ಸತ್ತವು’ ಎಂಬ ದೂರು ಹಲವು ಸಲ ಬರುವುದು ಹೀಗೆ. ಒಂದು ಸಲಕ್ಕೆ ಕಾಲು ಭಾಗ ಬದಲಾಯಿಸಿ, ಮರುದಿನ ಮತ್ತೆ ಕಾಲು ಭಾಗ. ಕಾರ್ಪೊರೇಷನ್ ನೀರಾದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಿಯೇ ಸುರಿಯಿರಿ.

ತಳದಲ್ಲೇ ಬದುಕುವ ಕ್ಯಾಟ್‌ಫಿಶ್ ಮೊದಲು ನರಳುವುದು ತಳದ ಕೊಳೆಯಿಂದ. ಕೋರಿಡೋರಾಸ್‌ನ ಮೀಸೆ ಕೆಂಪಾಗಿ, ಮೊಂಡಾಗಿ, ಸವೆದುಹೋಗಿದ್ದರೆ ಮರಳಿನಲ್ಲಿ ಕೊಳೆ ಕೂತಿದೆ ಎಂದೇ ಮೊದಲು ಅನುಮಾನಿಸಿ. ಮೀಸೆಯೇ ಅದರ ನಾಲಿಗೆ. ಅದಿಲ್ಲದೆ ಆಹಾರ ಹುಡುಕುವುದು ಕಷ್ಟ.

ಬೇಸಿಗೆಯಲ್ಲಿ ಮತ್ತೊಂದು ತೊಂದರೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ. ಅದರ ಮೇಲೆ ಮೂರು ಗಂಟೆ ಕರೆಂಟ್ ಹೋದರೆ ಮೀನಿಗೂ ಉಸಿರಿಲ್ಲ, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಇಲ್ಲ. ಬ್ಯಾಟರಿಯ ಗಾಳಿ ಪಂಪ್ ಇಲ್ಲದಿದ್ದರೆ ಲೋಟದಲ್ಲಿ ನೀರೆತ್ತಿ ಎತ್ತಿ ಸುರಿದರೂ ಉಪಯೋಗವಿದೆ.

ನಿಜವಾದ ರೋಗವಾದರೆ

ಅಮೋನಿಯಾ, ನೈಟ್ರೈಟ್ ಅಳೆಯುವ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಎರಡೂ ಸೊನ್ನೆ ಇದ್ದು, ಒಂದೆರಡು ಮೀನು ಮಾತ್ರ ನರಳುತ್ತಿದ್ದರೆ ಆಗ ರೋಗದ ಕಡೆ ತಿರುಗಿ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ‘ಇಕ್’, ಬಿಳಿ ಚುಕ್ಕೆ ರೋಗ. ಕ್ಯಾಟ್‌ಫಿಶ್‌ಗೆ ಬೇರೆ ಮೀನಿನಂಥ ಹುರುಪೆ ಇಲ್ಲ. ಕೆಲವಕ್ಕೆ ಬರಿ ಚರ್ಮ, ಕೆಲವಕ್ಕೆ ಮೂಳೆಯ ಕವಚ. ಚುಕ್ಕೆ ಕಾಣುವ ಮೊದಲೇ ಕಲ್ಲಿಗೆ ಮೈ ಉಜ್ಜುವುದು, ರೆಕ್ಕೆ ಮುದುರಿಕೊಳ್ಳುವುದು ಶುರುವಾಗಬಹುದು. ಉಪ್ಪಿನ ಕಾಳಿನಂತೆ ಕಾಣುವ ಆ ಚುಕ್ಕೆಯೊಳಗೆ ಒಂದು ಸೂಕ್ಷ್ಮ ಪರಾವಲಂಬಿ ಜೀವಿ ಅವಿತಿರುತ್ತದೆ, ಔಷಧಿ ಅದಕ್ಕೆ ತಟ್ಟುವುದಿಲ್ಲ. ಬಲಿತ ಮೇಲೆ ಅದು ಮೀನಿನಿಂದ ಉದುರಿ, ತಳದಲ್ಲಿ ನೂರಾರು ಮರಿಗಳಾಗಿ ಒಡೆದು ಈಜಲು ಹೊರಡುತ್ತದೆ. ಔಷಧಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಚುಕ್ಕೆ ಮಾಯವಾಯಿತೆಂದು ಮೂರನೇ ದಿನ ಔಷಧಿ ನಿಲ್ಲಿಸಿದವರಿಗೆ ವಾರದಲ್ಲಿ ಹತ್ತು ಪಟ್ಟು ಚುಕ್ಕೆ ಕಾಣುವುದು ಇದೇ ಕಾರಣಕ್ಕೆ. ಸೀಸೆಯ ಮೇಲೆ ಹೇಳಿದಷ್ಟು ದಿನ ಪೂರ್ತಿ ಹಾಕಿ. ತಾಮ್ರ ಇರುವ ಔಷಧಿಯಾದರೆ ಕ್ಯಾಟ್‌ಫಿಶ್‌ಗೆ ಆಗುತ್ತದೆಯೇ ಎಂದು ಮೊದಲು ಓದಿ, ಇವು ಅದನ್ನು ಸುಲಭಕ್ಕೆ ತಾಳುವುದಿಲ್ಲ. ಮ್ಯಾಲಕೈಟ್ ಗ್ರೀನ್ ಹಾಕುವಾಗ ಬರಿಗೈ ಬೇಡ.

ಬಾಯಿಯ ಸುತ್ತ ಹತ್ತಿಯಂತೆ ಬಿಳಿ ಬಂದರೆ ಫಂಗಸ್ ಎಂದುಕೊಳ್ಳುತ್ತೇವೆ. ಹಲವು ಸಲ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು, ಫಂಗಸ್ ಔಷಧಿ ಅದಕ್ಕೆ ಸಾಲದು. ಮೀನು ಗಿರಗಿರನೆ ಸುತ್ತುತ್ತಾ ಈಜುತ್ತಿದ್ದರೆ ಅದೂ ಅಲಕ್ಷಿಸುವಂಥದ್ದಲ್ಲ. ಅಮೆರಿಕದ ಕ್ಯಾಟ್‌ಫಿಶ್ ಸಾಕಣೆ ಕೊಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಗುರುತಿಸಿದ ಒಂದು ಬ್ಯಾಕ್ಟೀರಿಯಾ ಮೀನಿನ ಮೂಗಿನಿಂದ ನುಗ್ಗಿ ನರದ ಮೂಲಕ ಮಿದುಳನ್ನೇ ಮುಟ್ಟುತ್ತದೆ. ಸುತ್ತುವುದು ಅದರ ಲಕ್ಷಣ.

ಹಾಗಾದರೆ ಟೆಟ್ರಾಸೈಕ್ಲಿನ್ ಹಾಕಬಹುದಲ್ಲ ಎನ್ನುತ್ತೀರಾ? ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಔಷಧಿಯನ್ನು ಹಿಡಿದು ಕಟ್ಟಿಹಾಕುತ್ತವೆ, ಮೀನಿಗೆ ಸೇರುವುದು ಸ್ವಲ್ಪ. ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು. ಆ ನೀರನ್ನು ಚರಂಡಿಗೆ ಚೆಲ್ಲಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಲು ನಾವೇ ನೆರವಾದಂತೆ. ನಾಳೆ ಅದು ನಮ್ಮ ಮಕ್ಕಳ ಜ್ವರದ ಪ್ರಶ್ನೆ. ಪಶುವೈದ್ಯರು ಹೇಳದೆ ಆ್ಯಂಟಿಬಯಾಟಿಕ್ ಬೇಡವೇ ಬೇಡ.

ಉಪ್ಪಿನ ಮಾತು ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ನೈಟ್ರೈಟ್ ಮೀನಿನ ರಕ್ತಕ್ಕೆ ಸೇರಿದರೆ ರಕ್ತ ಕಂದುಬಣ್ಣಕ್ಕೆ ತಿರುಗಿ, ಆಮ್ಲಜನಕ ಹೊರಲಾರದಾಗುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಳಿ ನೈಟ್ರೈಟ್‌ಗೆ ಅಡ್ಡ ನಿಲ್ಲುತ್ತದೆ. ಕ್ಯಾಟ್‌ಫಿಶ್ ಸಾಕಣೆಗಾರರು ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ. ಆದರೆ ಅಳತೆ ‘ಒಂದು ಹಿಡಿ’ ಅಲ್ಲ. 10 ಲೀಟರ್‌ಗೆ 10 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ, ನಿಧಾನವಾಗಿ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ, ಆವಿಯಾದಷ್ಟನ್ನು ತುಂಬುವಾಗ ಮತ್ತೆ ಉಪ್ಪು ಹಾಕಬೇಡಿ. ಅಮೋನಿಯಾಕ್ಕೆ ಮಾತ್ರ ಇದು ಮದ್ದಲ್ಲ.

ರೋಗಿ ಮೀನನ್ನು ಬೇರೆ ತೊಟ್ಟಿಗೆ ಹಾಕುವಾಗ ಬಲೆಗಿಂತ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಇವುಗಳ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಹಾಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನಿಗೂ ಗಾಯ, ಕೈಗೂ ಚುಚ್ಚುತ್ತದೆ.

ಕೊನೆಗೆ, ‘ಕಾಯಿಲೆ ಮೀನನ್ನು ಕೆರೆಗೆ ಬಿಟ್ಟರೆ ಬದುಕಿಕೊಳ್ಳುತ್ತದೆ, ಪುಣ್ಯ’ ಎಂಬ ಸಲಹೆ. ಅದು ಬದುಕದಿದ್ದರೆ ರೋಗ ಕೆರೆಗೆ. ಬದುಕಿದರೆ ಇನ್ನೂ ಕಷ್ಟ. ಅಂಗಡಿಯಲ್ಲಿ ಬೆರಳುದ್ದ ಇದ್ದ ಸಕ್ಕರ್ ಮೀನು ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ, ದಡದಲ್ಲಿ ಬಿಲ ಕೊರೆಯುತ್ತದೆ. ಹೀಗೆ ಬಿಟ್ಟ ಮೀನುಗಳ ಸಂತತಿ ಕೇರಳ, ಆಂಧ್ರ, ಬಂಗಾಳದ ನೀರುಗಳಲ್ಲಿ ಈಗಾಗಲೇ ನೆಲೆಯೂರಿದೆ. ಬಲೆ ಎಳೆದಾಗ ತಿನ್ನುವ ಮೀನಿನ ಬದಲು ಇವೇ ಬರುತ್ತವೆ, ಮುಳ್ಳಿನಿಂದ ಬಲೆಯೂ ಹರಿಯುತ್ತದೆ. ಸಾಕಲಾಗದಿದ್ದರೆ ತಂದ ಅಂಗಡಿಗೇ ವಾಪಸ್ ಕೊಡಿ, ಎಷ್ಟೋ ಅಂಗಡಿಯವರು ತೆಗೆದುಕೊಳ್ಳುತ್ತಾರೆ. ಸತ್ತ ಮೀನನ್ನು ಗಿಡದ ಬುಡದಲ್ಲಿ ಆಳವಾಗಿ ಹೂಳಿ, ಆಮೇಲೆ ತೊಟ್ಟಿಯ ನೀರನ್ನು ಒಮ್ಮೆ ಪರೀಕ್ಷಿಸಿ.