ದಸರಾ ರಜೆಗೆ ಅಂಡಮಾನ್ ಬೇಡ

ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು ಅಂಡಮಾನ್‌ಗೆ ಯಾವಾಗ ಹೋದರೂ ಸರಿ, ದಸರಾ ರಜೆ ಪ್ರಶಸ್ತ ಎಂದು ಲೇಖನವೊಂದು ಹೇಳಿದೆ. ಈ ಸಲಹೆ ಒಪ್ಪುವಂಥದ್ದಲ್ಲ. ನಮ್ಮ ಹಡಗಲಿ, ಕೊಟ್ಟೂರು ಸೀಮೆಯಲ್ಲಿ ವರ್ಷವಿಡೀ ಬೀಳುವುದು ಸುಮಾರು 600 ಮಿ.ಮೀ. ಮಳೆ. ಅಂಡಮಾನ್‌ನ ಪೋರ್ಟ್ ಬ್ಲೇರ್‌ನಲ್ಲಿ ಅದು 3000 ಮಿ.ಮೀ. ಆಸುಪಾಸು. ಅಲ್ಲಿಗೆ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಕಾಲಿಡುತ್ತದೆ. ನಮ್ಮಲ್ಲಿ ಹಿಂಗಾರಿ ಜೋಳ ಬಿತ್ತುವ ಅಕ್ಟೋಬರ್‌ನಲ್ಲೂ ಬಿಟ್ಟಿರುವುದಿಲ್ಲ. ಅದರ ಬೆನ್ನಿಗೇ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. 2016ರ ಡಿಸೆಂಬರ್‌ನಲ್ಲಿ ಹೀಗೆಯೇ ಅಲ್ಲಿನ ಹ್ಯಾವ್ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ಅವರನ್ನು ಕರೆತರಲು ನೌಕಾಪಡೆಯ ಹಡಗುಗಳೇ ಹೋಗಬೇಕಾಯಿತು.

ಮಳೆಗಾಲದಲ್ಲಿ ಹೋಟೆಲ್ ಅಗ್ಗ, ಮಳೆಯೂ ದಿನವಿಡೀ ಸುರಿಯದು ಎನ್ನುವವರಿದ್ದಾರೆ. ಎರಡೂ ನಿಜ. ಆದರೆ ದ್ವೀಪದಲ್ಲಿ ತೊಡಕಾಗುವುದು ಮಳೆಗಿಂತ ಸಮುದ್ರ. ಅಲೆ ಎದ್ದರೆ ದೋಣಿ ನಿಲ್ಲುತ್ತದೆ, ವಾಪಸಿನ ವಿಮಾನ ತಪ್ಪುತ್ತದೆ, ಉಳಿದ ದುಡ್ಡು ಅಲ್ಲೇ ಕರಗುತ್ತದೆ. ಕೈಯಲ್ಲಿ ದಿನ, ಹಣ ಎರಡೂ ಧಾರಾಳವಾಗಿದ್ದವರು ಹೋಗಲಿ. ಮೆಕ್ಕೆಜೋಳ ಮಾರಿದ ಹಣ ಕೂಡಿಟ್ಟು ಐದು ದಿನಕ್ಕೆ ಹೊರಡುವ ಹರಪನಹಳ್ಳಿಯ ಕುಟುಂಬಕ್ಕೆ ದಸರಾ ರಜೆಗೆ ಹೋಗಿ ಎಂದು ಹೇಳಬಾರದು. ಅವರಿಗೆ ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳೇ ಸರಿ. ಶಾಲೆಯ ಮಕ್ಕಳಿದ್ದರೆ ಬೇಸಿಗೆ ರಜೆ ಶುರುವಾದ ಕೂಡಲೇ ಹೊರಡಬೇಕು, ಮೇ ಕೊನೆಗೆ ತಳ್ಳಬಾರದು. ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಮರಳಿರಬೇಕು.