ಗಡಿಯೆಂಬ ಅನುಭವ: ಯುರೋಪಿನ ಅಧ್ಯಯನಗಳನ್ನು ಓದುತ್ತ

ಕಳೆದ ಶತಮಾನದ ಕೊನೆಯ ದಶಕದಲ್ಲಿ ಜಾಗತೀಕರಣವನ್ನು ಕುರಿತ ಚರ್ಚೆಗಳು ಬಿರುಸುಗೊಂಡಾಗ 'ಗಡಿಗಳಿಲ್ಲದ ಜಗತ್ತು' ಎಂಬ ಮಾತು ನಮ್ಮ ವಿಚಾರಸಂಕಿರಣಗಳಲ್ಲೂ ಧಾರಾಳವಾಗಿ ಕೇಳಿಬಂದಿತು. ಅದಕ್ಕೆ ನಿದರ್ಶನವಾಗಿ ಮುಂದಿಡುತ್ತಿದ್ದುದು ಯುರೋಪನ್ನು. ೧೯೮೫ರ ಜೂನ್ ೧೪ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿನ ಹಡಗೊಂದರಲ್ಲಿ ಐದು ದೇಶಗಳು ಸಹಿ ಹಾಕಿದ ಒಪ್ಪಂದವು ೧೯೯೫ರಲ್ಲಿ ಕಾರ್ಯರೂಪಕ್ಕೆ ಬಂದು ಇಂದು ೨೯ ದೇಶಗಳನ್ನು ಒಳಗೊಂಡಿದೆ. ಹಾಗಾದರೆ ಅಲ್ಲಿ ಗಡಿ ಅಳಿಯಿತೆ? ಈ ಪ್ರಶ್ನೆಯನ್ನು ಒಪ್ಪಂದಪತ್ರಗಳಿಗೆ ಕೇಳದೆ, ಗಡಿಯ ಮೇಲೆ ಬದುಕುವ ಜನರಿಗೆ ಕೇಳಿದ ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರದ ಅಧ್ಯಯನಗಳು ಹಲವಿವೆ. ಕನ್ನಡ ಸಂಶೋಧನ ವಿದ್ಯಾರ್ಥಿಯಾಗಿ ಅವುಗಳಲ್ಲಿ ಕೆಲವನ್ನು ಓದಿದಾಗ ಉಂಟಾದ ಅನಿಸಿಕೆಗಳನ್ನೂ ಒಂದು ತಕರಾರನ್ನೂ ಇಲ್ಲಿ ಮಂಡಿಸುತ್ತಿದ್ದೇನೆ.

ಗಡಿ ಮೊದಲು ನೆಲದ ಮೇಲಿದ್ದು ಆಮೇಲೆ ಸಮಾಜದ ಮೇಲೆ ಪರಿಣಾಮ ಬೀರುತ್ತದೆಂಬುದು ವಾಡಿಕೆಯ ತಿಳಿವಳಿಕೆ. ಜರ್ಮನ್ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ ೧೯೦೮ರಷ್ಟು ಹಿಂದೆಯೇ ಇದನ್ನು ತಿರುಗಿಸಿ ನೋಡಿದ್ದನು. ಸಾಮಾಜಿಕ ಸಂಬಂಧವೇ ಮೊದಲಿನದು, ನೆಲದ ಮೇಲಿನ ಗೆರೆ ಅದು ತಳೆಯುವ ರೂಪ ಎಂಬುದು ಅವನ ನಿಲುವು. ಕನ್ನಡಕ್ಕೆ ಈ ವಿಚಾರ ತೀರ ಅಪರಿಚಿತವಲ್ಲ. ಗಡಿ, ಎಲ್ಲೆ, ಮೇರೆ, ಸರಹದ್ದು ಎಂಬ ಪದಗಳ ಜೊತೆಗೆ ನಮ್ಮಲ್ಲಿ 'ಸೀಮೆ' ಎಂಬುದೂ ಇದೆ. ಅದು ಎಲ್ಲೆಯೂ ಹೌದು, ಎಲ್ಲೆಯೊಳಗಿನ ನಾಡೂ ಹೌದು. ಸೀಮೆಎಣ್ಣೆ, ಸೀಮೆಸುಣ್ಣಗಳಲ್ಲಿ ಕಡಲಾಚೆಯಿಂದ ಬಂದುದರ ಗುರುತೂ ಹೌದು. (ಯುರೋಪಿನ ಗಡಿಯ ಬಗ್ಗೆ ಬರೆಯಹೊರಟವನಿಗೆ ಈ ಮೂರನೆಯ ಅರ್ಥ ಸಣ್ಣ ನಗೆ ತರಿಸದೆ ಇರದು.) ಗೆರೆಯೆಂದು ಓದಿದಾಗ ಕಾಣದ ಸಂಗತಿಗಳು, ಜನ ಬದುಕುವ ಹರಹು ಎಂದು ಓದಿದಾಗ ಕಾಣತೊಡಗುತ್ತವೆ.

ಇಟಲಿ ಮತ್ತು ಸ್ಲೊವೇನಿಯಾಗಳ ನಡುವಿನ ಗೊರಿತ್ಸಿಯಾ ಪಟ್ಟಣವನ್ನು ನೋಡಬಹುದು. ೧೯೪೭ರ ಪ್ಯಾರಿಸ್ ಶಾಂತಿ ಒಪ್ಪಂದದ ಗೆರೆ ಈ ಊರನ್ನು ಸೀಳಿತು. ಹಳೆಯ ಪಟ್ಟಣ ಇಟಲಿಗೆ ಉಳಿಯಿತು, ೧೯೦೬ರಲ್ಲಿ ಕಟ್ಟಿದ ರೈಲು ನಿಲ್ದಾಣ ಯುಗೊಸ್ಲಾವಿಯಾದ ಪಾಲಾಯಿತು. ಪಟ್ಟಣ ಕಳೆದುಕೊಂಡ ಆಚೆಯವರಿಗಾಗಿ ನೋವಾ ಗೊರಿತ್ಸಾ ಎಂಬ ಹೊಸ ಊರನ್ನೇ ಕಟ್ಟಬೇಕಾಯಿತು. ಹತ್ತಿರದ ಮಿರೆನ್ ಎಂಬಲ್ಲಿ ಗೆರೆ ಸ್ಮಶಾನದ ನಡುವೆಯೇ ಹಾದುಹೋದುದರಿಂದ ಎಪ್ಪತ್ತರ ದಶಕದವರೆಗೂ ಸತ್ತವರು ಸಹ ಎರಡು ದೇಶಗಳಿಗೆ ಹಂಚಿಹೋಗಿದ್ದರು. ೧೯೫೦ರ ಆಗಸ್ಟ್ ೧೩ರ ಭಾನುವಾರ ಯುಗೊಸ್ಲಾವಿಯಾದ ಕಡೆಯ ಜನಸಮೂಹ ಕಾವಲನ್ನು ಲೆಕ್ಕಿಸದೆ ಗೊರಿತ್ಸಿಯಾಕ್ಕೆ ನುಗ್ಗಿತು. ಜನ ನೆಂಟರನ್ನು ಕಂಡರು, ಅಂಗಡಿಗಳಲ್ಲಿ ಸಿಕ್ಕಿದ್ದನ್ನು ಕೊಂಡರು. ತಮ್ಮ ಕಡೆ ದೊರೆಯದ ಕಸಬರಿಗೆಗಳನ್ನು ಹೊತ್ತು ಹಿಂದಿರುಗಿದ್ದರಿಂದ ಆ ದಿನ 'ಕಸಬರಿಗೆಯ ಭಾನುವಾರ'ವೆಂದೇ ನೆನಪಿನಲ್ಲಿ ಉಳಿದಿದೆ. ರಾಜತಾಂತ್ರಿಕ ಇತಿಹಾಸದಲ್ಲಿ ಈ ಕಸಬರಿಗೆಗೆ ಜಾಗ ದೊರೆಯುವುದು ಕಷ್ಟ. ಆದರೆ ಆ ಸೀಮೆಯ ಜನರಿಗೆ ಗಡಿಯೆಂದರೆ ಏನಾಗಿತ್ತು ಎಂಬುದನ್ನು ಒಪ್ಪಂದದ ಕಲಮುಗಳಿಗಿಂತ ಅದು ಚೆನ್ನಾಗಿ ಹೇಳುತ್ತದೆ.

೧೯೫೫ರ ಉದಿನೆ ಒಪ್ಪಂದದ ನಂತರ ಸ್ಥಳೀಯರಿಗೆ ದಾಟುಚೀಟಿಗಳು ದೊರೆತವು. ೨೦೦೪ರಲ್ಲಿ ರೈಲು ನಿಲ್ದಾಣದ ಮುಂದಿನ ಚೌಕದ ಬೇಲಿಯನ್ನು ಕಿತ್ತರು, ೨೦೦೭ರ ಡಿಸೆಂಬರಿನಲ್ಲಿ ತಪಾಸಣೆಯೂ ನಿಂತಿತು. ಕಥೆ ಇಲ್ಲಿಗೇ ಮುಗಿದಿದ್ದರೆ 'ಗಡಿಗಳಿಲ್ಲದ ಜಗತ್ತು' ಎಂದವರ ಮಾತು ಗೆಲ್ಲುತ್ತಿತ್ತು. ಆದರೆ ೨೦೨೦ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಅದೇ ಚೌಕದಲ್ಲಿ ಮತ್ತೆ ಬೇಲಿ ಎದ್ದಿತು. ೨೦೨೩ರ ಅಕ್ಟೋಬರಿನಲ್ಲಿ ಇಟಲಿ ತಪಾಸಣೆಯನ್ನು ಮರಳಿ ತಂದಿತು. ೨೦೨೫ರಲ್ಲಿ ಈ ಎರಡೂ ಊರುಗಳು ಜಂಟಿಯಾಗಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯೆಂಬ ಗೌರವ ಪಡೆದದ್ದೂ ಇದೇ ಸಂದರ್ಭದಲ್ಲಿ ಎಂಬುದು ಗಮನಾರ್ಹ. ಗಡಿ ಅಳಿಯುವುದಿಲ್ಲ, ಮಲಗಿರುತ್ತದೆ, ಪ್ರಭುತ್ವ ಕರೆದಾಗ ಏಳುತ್ತದೆ.

ಕಣ್ಣಿಗೆ ಕಾಣುವ ಬೇಲಿ ಇಲ್ಲವಾದ ಮೇಲೂ ಗಡಿ ಹೇಗೆ ಉಳಿಯುತ್ತದೆಂಬುದನ್ನು ಡ್ಯಾಫ್ನಿ ಬರ್ಡಾಲ್ ಅವರ ೧೯೯೯ರ ಕೃತಿ ತೋರಿಸಿಕೊಡುತ್ತದೆ. ಪೂರ್ವ ಜರ್ಮನಿಯ ಅಂಚಿನಲ್ಲಿದ್ದ ಕೆಲ್ಲಾ ಎಂಬ ಹಳ್ಳಿಯಲ್ಲಿ, ಗೋಡೆ ಬಿದ್ದ ಮರುವರ್ಷಗಳಲ್ಲಿ ಅವರು ನೆಲೆಸಿ ನಡೆಸಿದ ಅಧ್ಯಯನವಿದು. ಉಡುಪು, ಮಾತು, ಕೊಳ್ಳುವ ಸಾಮಾನು, ಇವೆಲ್ಲವೂ ಅಲ್ಲಿ ಹೊಸ ಗಡಿಗಳಾಗುತ್ತವೆ. ವಿಧಾನದ ದೃಷ್ಟಿಯಿಂದ ನನಗೆ ಹೆಚ್ಚು ಮುಖ್ಯವೆನಿಸಿದ್ದು ಉಲ್ರಿಕೆ ಮೈನ್‌ಹೋಫ್ ಮತ್ತು ಸಂಗಡಿಗರ ಕೆಲಸ. ಗಡಿಯೂರುಗಳ ಒಂದೇ ಕುಟುಂಬದ ಮೂರು ತಲೆಮಾರಿನವರನ್ನು ಅವರು ಮಾತನಾಡಿಸಿದರು. 'ನಿಮ್ಮ ಅಸ್ಮಿತೆ ಯಾವುದು?' ಎಂಬ ನೇರ ಪ್ರಶ್ನೆಯ ಬದಲು ಊರಿನ ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟು, ಬಂದ ಮಾತುಗಳನ್ನು ಭಾಷಿಕವಾಗಿ ವಿಶ್ಲೇಷಿಸಿದರು. 'ನಾವು', 'ಅವರು' ಎಂಬ ಸರ್ವನಾಮಗಳು, ಜರ್ಮನರು ಎದುರು ಬದಿಯನ್ನು ಸೂಚಿಸಲು ಬಳಸುವ, ನಮ್ಮ 'ಆಚೆ'ಗೆ ಸಮನಾದ 'ಡ್ರ್ಯೂಬೆನ್' ಎಂಬ ಪದ, ಇಂಥವೇ ಗಡಿಯನ್ನು ಹೊತ್ತು ತಿರುಗುತ್ತವೆ. ಪಠ್ಯವನ್ನು ಪದಪದವಾಗಿ ಓದುವ ಶಿಸ್ತಿನಲ್ಲಿ ಬೆಳೆದ ಸಾಹಿತ್ಯ ವಿದ್ಯಾರ್ಥಿಗಳಿಗೆ ಇದು ನಮ್ಮದೇ ಕೆಲಸವೆನಿಸಬೇಕು.

ಇನ್ನು ತಕರಾರು. ಈ ಅಧ್ಯಯನಗಳಲ್ಲಿ 'ಅನುಭವ' ಯಾರದು? ಬಹುಪಾಲು ಗಡಿಯ ಬಳಿ ಮನೆಯುಳ್ಳವರದು. ಗಡಿಯನ್ನು ದಾಟಲೆಂದೇ ಬಂದವರದು ಕಡಿಮೆ. ೨೦೦೩ರಿಂದ ಯುರೋಪು ಆಶ್ರಯ ಕೋರುವವರ ಬೆರಳಚ್ಚುಗಳನ್ನು 'ಯುರೊಡ್ಯಾಕ್' ಎಂಬ ದತ್ತಕೋಶದಲ್ಲಿ ಸಂಗ್ರಹಿಸುತ್ತಿದೆ. ಗುರುತು ಸಿಗದಿರಲೆಂದು ಬೆರಳ ತುದಿಗಳನ್ನು ಸುಟ್ಟುಕೊಂಡವರಿದ್ದಾರೆ. ಅಂಥವರ ಪಾಲಿಗೆ ಗಡಿ ಚರ್ಮದ ಮೇಲಿದೆ. ೨೦೧೩ರ ಅಕ್ಟೋಬರ್ ೩ರಂದು ಲಾಂಪೆದೂಸಾ ದ್ವೀಪದ ಬಳಿ ಮುಳುಗಿದ ದೋಣಿಯಲ್ಲಿ ಮಡಿದ ೩೬೦ಕ್ಕೂ ಹೆಚ್ಚು ಜನರ ಗಡಿಯ ಅನುಭವವನ್ನು ಯಾವ ಸಂದರ್ಶನವೂ ದಾಖಲಿಸಲಾರದು. ಇರಾನಿನಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ ಮಾನವಶಾಸ್ತ್ರಜ್ಞ ಶಹ್ರಾಮ್ ಖೊಸ್ರವಿ ೨೦೧೦ರಲ್ಲಿ ತಮ್ಮ ದಾಟುವಿಕೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡು ಬರೆದ ಪುಸ್ತಕ ಈ ಕೊರತೆಗೆ ಒಂದು ಉತ್ತರ. ಆದರೆ ಗಡಿಯೂರಿನ ಅಧ್ಯಯನಗಳೂ ವಲಸಿಗರ ಅಧ್ಯಯನಗಳೂ ಎರಡು ಬೇರೆ ಕಪಾಟುಗಳಲ್ಲಿ ಉಳಿದುಬಿಟ್ಟಿವೆ ಎಂಬುದು ನನ್ನ ಆಕ್ಷೇಪ. ೨೦೨೩ರಲ್ಲಿ ಗೊರಿತ್ಸಿಯಾಕ್ಕೆ ತಪಾಸಣೆ ಮರಳಿದ್ದರ ಹಿಂದೆ ಬಾಲ್ಕನ್ ದಾರಿಯಿಂದ ಬರುವವರ ಭಯವೂ ಇತ್ತು. ಒಬ್ಬರ ಗಡಿಯನ್ನು ಬಿಟ್ಟು ಇನ್ನೊಬ್ಬರ ಗಡಿಯನ್ನು ಅರಿಯಲಾಗದು.

ಗಡಿಗಳು ಈಗ ಗಡಿಯಲ್ಲೇ ಇಲ್ಲವೆಂಬ ಅರ್ಥದಲ್ಲಿ ಫ್ರೆಂಚ್ ಚಿಂತಕ ಎತಿಯೆನ್ ಬಾಲಿಬಾರ್ ವಾದಿಸಿದ್ದಾರೆ. ಇದು ನನಗೆ ಪುಸ್ತಕದಿಂದ ತಿಳಿದಿತ್ತು, ಅರ್ಥವಾದದ್ದು ಬೆಂಗಳೂರಿನಲ್ಲಿ. ಗಡಿ ಅಧ್ಯಯನದ ಸಮ್ಮೇಳನವೊಂದಕ್ಕೆ ಪ್ರಬಂಧ ಸ್ವೀಕೃತವಾಗಿ, ಶೆಂಗೆನ್ ವೀಸಾಕ್ಕೆ ಅರ್ಜಿ ಹಾಕಿದ್ದೆ. ಬ್ಯಾಂಕಿನ ಲೆಕ್ಕ, ಮಾರ್ಗದರ್ಶಕರ ಪತ್ರ, ೩೦,೦೦೦ ಯೂರೋ ಮೊತ್ತದ ವಿಮೆ ಎಲ್ಲವನ್ನೂ ಒಪ್ಪಿಸಿ ಹತ್ತು ಬೆರಳುಗಳನ್ನೂ ಗಾಜಿನ ಮೇಲೊತ್ತಿ ಬಂದೆ. ಮರಳಿ ಬಂದದ್ದು ಮುದ್ರಿತ ನಮೂನೆ. ಅವಧಿ ಮುಗಿಯುವ ಮೊದಲು ನಾನು ಹಿಂದಿರುಗುವೆನೆಂಬುದರಲ್ಲಿ ಸಂದೇಹವಿದೆ ಎಂಬ ಸಾಲಿನ ಮುಂದೆ ಗುರುತು ಹಾಕಿತ್ತು. ಲಾಂಪೆದೂಸಾದ ಎದುರು ಇದು ದುಃಖವೆಂದು ಕರೆಸಿಕೊಳ್ಳಲು ಯೋಗ್ಯವಲ್ಲ. ಆದರೂ ಯುರೋಪಿನ ಗಡಿಯನ್ನು ನಾನು ಮುಟ್ಟಿದ್ದು ಬೆಂಗಳೂರಿನ ಒಂದು ಕಟ್ಟಡದಲ್ಲಿ, ಬೆರಳ ತುದಿಯಿಂದ, ಎಂಬುದು ಸತ್ಯ.

ಈ ಓದಿನಿಂದ ನಮ್ಮ ಗಡಿನಾಡ ಅಧ್ಯಯನಗಳಿಗೆ ದೊರೆಯಬಹುದಾದದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಕೇಳುವ ಕ್ರಮ. ೧೯೫೬ರ ಪುನರ್ವಿಂಗಡಣೆ, ೧೯೬೭ರ ಮಹಾಜನ ವರದಿ, ಠರಾವುಗಳು, ಗ್ರಾಮಗಳ ಪಟ್ಟಿಗಳು, ಇವುಗಳನ್ನು ನಾವು ಶ್ರದ್ಧೆಯಿಂದ ಸಂಗ್ರಹಿಸಿದ್ದೇವೆ. ಅದು ಬೇಕಾದ ಕೆಲಸವೇ. ಆದರೆ ಸಂಪಾದನೆಗೆ ತೋರಿದಷ್ಟು ಎಚ್ಚರವನ್ನು ಗಡಿನಾಡಿನವರ ಮಾತಿಗೆ ತೋರಿಲ್ಲ. ಈ ಮಾತು ನನಗೂ ಅನ್ವಯಿಸುತ್ತದೆ. ಅಕ್ಕಲಕೋಟೆಯ ಕಡೆಯ ಹಳ್ಳಿಯೊಂದರಲ್ಲಿ ಮುದ್ರಿತ ಪ್ರಶ್ನಾವಳಿ ಹಿಡಿದು, ನಿಮ್ಮನ್ನು ನೀವು ಯಾವ ಭಾಷಿಕರೆಂದು ಗುರುತಿಸಿಕೊಳ್ಳುತ್ತೀರಿ ಎಂದು ಹಿರಿಯರೊಬ್ಬರನ್ನು ಕೇಳಿದ್ದೆ. ಅವರು ಕಾಗದವನ್ನೇ ನೋಡುತ್ತ, "ಯಾಕ್ರಿ ಸರ, ರೇಶನ್ ಕಾರ್ಡಿನ ಸಲುವಾಗಿ ಕೇಳ್ಲಾಕತ್ತೀರೇನ್ರಿ?" ಎಂದರು. ನನ್ನ ಕೈಯಲ್ಲಿದ್ದುದೂ ಒಂದು ನಮೂನೆಯೇ ಎಂಬುದು ಆಗ ಹೊಳೆಯಲಿಲ್ಲ. ಮುಂದಿನ ಸಲ ಪ್ರಶ್ನಾವಳಿಯನ್ನು ಬಿಟ್ಟು, ಆ ಊರಿನ ಸಂತೆಯ ಎರಡು ಹಳೆಯ ಫೋಟೊಗಳನ್ನು ಒಯ್ದೆ. ಅವರು ಮಧ್ಯಾಹ್ನದವರೆಗೂ ಮಾತನಾಡಿದರು.