ರಾಗಿ ಮೇಲೆ ಯಾಕೀ ಅಪವಾದ?

ರಾಸಾಯನಿಕ ಗೊಬ್ಬರ ತಗ್ಗಿಸಿದರೆ ಜಗತ್ತು ಉಪವಾಸ ಬೀಳುತ್ತದೆ, ಸಿರಿಧಾನ್ಯ ಉಳ್ಳವರ ಶೋಕಿ ಎಂಬ ನಿಮ್ಮ ಅಂಕಣಕಾರರ ವಾದ ಓದಿ ಯಲಹಂಕದಲ್ಲಿ ಕೂತ ನನಗೆ ನಗು ಬಂತು. ನಮ್ಮ ಕಡೆ ಮುದ್ದೆ ಶೋಕಿಯಾಗಿದ್ದು ಯಾವಾಗ?

ಕೊಟ್ಟಿಗೆ ಗೊಬ್ಬರವೊಂದರಿಂದಲೇ ಪವಾಡವಾಗದು, ಒಪ್ಪುತ್ತೇನೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮಳೆಯಾಶ್ರಿತ ತಾಕುಗಳಲ್ಲಿ ದಶಕಗಳಿಂದ ನಡೆದ ರಾಗಿ ಪ್ರಯೋಗವೂ ಅದನ್ನೇ ಹೇಳುತ್ತದೆ. ಆದರೆ ಬರೀ ರಾಸಾಯನಿಕ ಸುರಿದ ತಾಕಿನಲ್ಲಿ ವರ್ಷ ಕಳೆದಂತೆ ಇಳುವರಿ ಕುಸಿಯಿತು, ಎರಡೂ ಬೆರೆಸಿದಲ್ಲಿ ನಿಂತಿತು ಎಂದೂ ಹೇಳುತ್ತದೆ. ಅಂಕಣಕಾರರು ಅರ್ಧಕ್ಕೇ ಪುಟ ಮಡಚಿದಂತಿದೆ. ಇಳುವರಿಯ ಮಾತಾದರೆ, ನಮ್ಮ ರಾಗಿಗೆ ಆಫ್ರಿಕಾದ ತಳಿ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರನ್ನು ಮರೆತರೇ? ಪೋಷಣೆಯ ಮಾತಾದರೆ, ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ; ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು.

2023ರಲ್ಲಿ ಜಗತ್ತು ದಾಖಲೆಯ ಧಾನ್ಯ ಬೆಳೆಯಿತು. ಅದೇ ವರ್ಷ, ವಿಶ್ವಸಂಸ್ಥೆಯ ಅಂದಾಜಿನಂತೆ, ಸುಮಾರು 73 ಕೋಟಿ ಜನ ಹಸಿದಿದ್ದರು. ಇದಕ್ಕೆ ಯೂರಿಯಾ ಏನು ಮಾಡೀತು?

ಇನ್ನು ನೆಲ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಅಲ್ಲಿ ಏರೋಸ್ಪೇಸ್ ಪಾರ್ಕ್ ಎದ್ದಿದ್ದರೆ ಯಾವ ಗೊಬ್ಬರ ಹಾಕಿ ಬೆಳೆ ತೆಗೆಯಬೇಕಿತ್ತು ಎಂದು ಮುಂದಿನ ಅಂಕಣದಲ್ಲಿ ತಿಳಿಸಲಿ.